ಅರ್ಧದಲ್ಲಿ ಕೆಟ್ಟರೆ ವಾಪಸ್ ಕೊಡುವುದು ಹೇಗೆ?

ಕಾಮರ್ಸ್ ಓದುವವಳಿಗೆ ಕರ್ನೆಲ್ ಯಾಕೆ ಎಂದು ನಗಬೇಡಿ. ಎಂಜಿನಿಯರಿಂಗ್ ಓದುವ ನನ್ನ ಭಾಯಿಜಾನ್ ಲಿನಕ್ಸ್‌ಗೆಂದು ಬರೆದ ಪುಟ್ಟ ಡ್ರೈವರ್ ಒಂದು ರಾತ್ರಿ ಮನೆಯ ಲ್ಯಾಪ್‌ಟಾಪನ್ನೇ ನಿಲ್ಲಿಸಿತು. ಸೇವ್ ಮಾಡದಿದ್ದ ನನ್ನ ಅಕೌಂಟೆನ್ಸಿ ಪ್ರಾಜೆಕ್ಟೂ ಹೋಯಿತು. ಜಗಳವಾಡಿದ ಮೇಲೆ ತಪ್ಪು ಎಲ್ಲಿದೆ ತೋರಿಸು ಎಂದು ಕುಳಿತೆ.

ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಸಾಮಾನ್ಯ ಪ್ರೋಗ್ರಾಂ ತಾನು ಪಡೆದ ಮೆಮೊರಿಯನ್ನು ಬಿಡಲು ಮರೆತರೆ, ಅದು ಮುಗಿದಾಗ ಕರ್ನೆಲ್ ಎಲ್ಲವನ್ನೂ ವಾಪಸ್ ಪಡೆಯುತ್ತದೆ. ಕರ್ನೆಲ್ಲೇ ಮರೆತರೆ? ಕೇಳುವವರಿಲ್ಲ. 'ಕೆಮ್ಯಾಲಕ್'ನಿಂದ ಪಡೆದದ್ದನ್ನು 'ಕೆಫ್ರೀ'ಯಿಂದ ಬಿಡದಿದ್ದರೆ, ರೀಸ್ಟಾರ್ಟ್ ಆಗುವವರೆಗೆ ಆ ಜಾಗ ಯಾರಿಗೂ ಸಿಗದು.

ಕಷ್ಟ ಬರುವುದು ಕೆಲಸ ಅರ್ಧದಲ್ಲಿ ಕೆಟ್ಟಾಗ. ವಲೀಮಾಕ್ಕೆ ಹಾಲ್‌ಗೆ ಅಡ್ವಾನ್ಸ್ ಕೊಟ್ಟಿರಿ, ಶಾಮಿಯಾನದವರಿಗೂ ಕೊಟ್ಟಿರಿ, ಬಾವರ್ಚಿ ಸಿಗಲಿಲ್ಲ ಎನ್ನಿ. ಶಾಮಿಯಾನದವರಿಂದ ಹಣ ವಾಪಸ್ ಪಡೆಯಬೇಕು, ಆಮೇಲೆ ಹಾಲ್‌ನವರಿಂದ. ಏನೂ ಕೊಡದ ಬಾವರ್ಚಿಯ ಮನೆಗೆ ಹೋಗಿ ಹಣ ಕೇಳುವಂತಿಲ್ಲ.

ಕರ್ನೆಲ್‌ನಲ್ಲಿ ಈ ಹಿಮ್ಮುಖ ಕ್ರಮಕ್ಕೆ ಗಟ್ಟಿ ಕಾರಣವಿದೆ. ಎರಡನೆಯ ತುಂಡಿನ ವಿಳಾಸ ಎಷ್ಟೋ ಸಲ ಮೊದಲನೆಯದರ ಒಳಗೇ ಬರೆದಿರುತ್ತದೆ. ಮೊದಲನೆಯದನ್ನು ಮುಂಚೆ ಬಿಟ್ಟರೆ ವಿಳಾಸವೂ ಹೋಯಿತು; ರಸೀದಿ ಪುಸ್ತಕ ಸುಟ್ಟು ಬಾಕಿ ವಸೂಲಿಗೆ ಹೊರಟಂತೆ.

ಇದಕ್ಕಾಗಿ ಲಿನಕ್ಸ್‌ನವರು ಬಳಸುವುದು 'ಗೋಟು'. ಅದನ್ನು ಬಳಸಬೇಡಿ ಎಂದು ಕಂಪ್ಯೂಟರ್ ಸೈನ್ಸ್ ಗೆಳತಿಯರಿಗೆ ಕಲಿಸುತ್ತಾರಂತೆ, ಆದರೆ ಲಿನಕ್ಸ್‌ನ ಕೋಡಿಂಗ್ ಶೈಲಿಯ ದಾಖಲೆಯೇ ಇಲ್ಲಿ ಅದನ್ನು ಒಪ್ಪುತ್ತದೆ. ಫಂಕ್ಷನ್‌ನ ಕೊನೆಯಲ್ಲಿ ಲೇಬಲ್‌ಗಳು ಮೆಟ್ಟಿಲಿನಂತೆ ಇರುತ್ತವೆ. ಮೂರನೆಯದು ಸಿಗದಿದ್ದರೆ ಎರಡನೆಯದನ್ನು ಬಿಡುವ ಮೆಟ್ಟಿಲಿಗೆ ಹಾರಿ, ಅಲ್ಲಿಂದ ಕೆಳಗಿಳಿಯುತ್ತಾ ಮೊದಲನೆಯದನ್ನೂ ಬಿಡುವುದು.

ಭಾಯಿಜಾನ್ ಇಟ್ಟಿದ್ದು ಒಂದೇ ಲೇಬಲ್. ಅವನು ಮಿತಿ ಮೀರಿದ ಅಳತೆ ಕೇಳಿದ್ದರಿಂದ ಮೊದಲ ತುಂಡೇ ಸಿಗಲಿಲ್ಲ. ಕೋಡ್ ನೇರ ಆ ಲೇಬಲ್‌ಗೆ ಹಾರಿ, ಇಲ್ಲದ ತುಂಡಿನೊಳಗೆ ಎರಡನೆಯದರ ವಿಳಾಸ ಹುಡುಕಿತು. ಕರ್ನೆಲ್ ಅಲ್ಲೇ ಎಡವಿತು. ಅದೇ ದಾಖಲೆಯಲ್ಲಿ ಈ ತಪ್ಪಿಗೆ 'ವನ್ ಎರ್ ಬಗ್' ಎಂಬ ಹೆಸರೇ ಇದೆ, ಅಂದರೆ ಇವನೊಬ್ಬನೇ ಅಲ್ಲ!

2023ರಿಂದ ಕರ್ನೆಲ್‌ನಲ್ಲಿ ತಾನಾಗಿ ಮೆಮೊರಿ ಬಿಡಿಸುವ ಸೌಲಭ್ಯವೂ ಬಂದಿದೆ. ಆದರೂ ಭಾಯಿಜಾನ್ ಎರಡು ಲೇಬಲ್ ಹಾಕಿಯೇ ಸರಿಪಡಿಸಿದ. ಮತ್ತೆ ಅಷ್ಟೇ ದೊಡ್ಡ ಅಳತೆ ಕೇಳಿದಾಗ ಡ್ರೈವರ್ 'ಮೆಮೊರಿ ಇಲ್ಲ' ಎಂದು ಸುಮ್ಮನೆ ಹಿಂದೆ ಸರಿಯಿತು, ಲ್ಯಾಪ್‌ಟಾಪ್ ನಡೆಯುತ್ತಲೇ ಇತ್ತು. ಈ ಸಲ ನಾನು ಮೊದಲೇ ಸೇವ್ ಮಾಡಿದ್ದೆ.