ಕರಿದುಳಿದ ಎಣ್ಣೆ: ತೋಟದಲ್ಲಿ ಎಲ್ಲಿ, ಎಷ್ಟು?

ಮದುವೆ, ಉಪನಯನಗಳ ಕಾಲ ಮುಗಿಯಿತೆಂದರೆ ನಮ್ಮ ಕಡೆಯ ಮನೆಗಳ ಅಡಿಗೆ ಕೋಣೆಯ ಮೂಲೆಯಲ್ಲಿ ಒಂದೆರಡು ಡಬ್ಬಿ ಕರಿದ ಎಣ್ಣೆ ಉಳಿದೇ ಉಳಿಯುತ್ತದೆ. ಹಪ್ಪಳ, ಸಂಡಿಗೆ, ಬೋಂಡ ಎಲ್ಲವನ್ನೂ ಕರಿದು ಕಪ್ಪಾಗಿ, ಅಡಿಯಲ್ಲಿ ಗಸಿ ಕಟ್ಟಿದ ಎಣ್ಣೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಉಣ್ಣುವುದು ಆರೋಗ್ಯಕ್ಕೆ ಹಿತವಲ್ಲ. ಎಣ್ಣೆ ಕಾದು ಕೆಟ್ಟಾಗ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಅಂಥ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂಬ ಆಹಾರ ಸುರಕ್ಷತಾ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯುವ ಸಾಧನ ನಮ್ಮ ಮನೆಗಳಲ್ಲಿ ಇರದು. ಬಣ್ಣ, ವಾಸನೆ, ನೊರೆ ಇವನ್ನು ನೋಡಿಯೇ ಮನೆಯ ಹೆಂಗಸರು ಹೇಳಬಲ್ಲರು.

ಹಾಗೆಂದು ಚೆಲ್ಲಲು ಮನಸ್ಸು ಬಾರದು. ಕೊಟ್ಟ ಹಣ ನೆನಪಾಗುತ್ತದೆ. ಆಗ ನಮ್ಮಲ್ಲಿ ಅನೇಕರು ಅದನ್ನು ಬಾಳೆಯ ಬುಡಕ್ಕೋ ತೋಟದ ಬಸಿಗಾಲುವೆಗೋ ಸುರಿಯುತ್ತೇವೆ. ಎರಡೂ ತಪ್ಪು. ಮಣ್ಣಿನ ಕಣಗಳಿಗೆ ಎಣ್ಣೆ ಸುತ್ತಿಕೊಂಡರೆ ನೀರು ಇಳಿಯದು, ಬೇರಿಗೆ ಗಾಳಿ ಸಿಗದು. ಎಣ್ಣೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನು ತಾವೇ ಕಬಳಿಸುವುದರಿಂದ ಗಿಡ ಹಳದಿಯಾಗುತ್ತದೆ. ಜೊತೆಗೆ ಕರಿದ ಪದಾರ್ಥದ ಉಪ್ಪು ಬೇರೆ. ವಾಸನೆಗೆ ನಾಯಿ, ಹೆಗ್ಗಣ, ಕಾಡುಹಂದಿ ಬಂದು ಬುಡವನ್ನೇ ಕೆದಕಿ ಹೋಗುತ್ತವೆ. ಇನ್ನು ಕಾಲುವೆಗೆ ಸುರಿದ ಎಣ್ಣೆ ತೆಳ್ಳಗೆ ಹರಡಿ ಕೆಳಗಿನ ಕೆರೆಯ ಮುಖವನ್ನು ಮುಚ್ಚುತ್ತದೆ. ಗೊಬ್ಬರದ ಗುಂಡಿಗೆ ಹಾಕಲೇಬೇಕೆಂದರೆ ಒಂದು ಬುಟ್ಟಿ ಒಣ ತರಗೆಲೆಗೆ ಒಂದೆರಡು ಚಮಚದಷ್ಟು ಚಿಮುಕಿಸಿ ಕಲಸಬಹುದು, ಅದಕ್ಕಿಂತ ಹೆಚ್ಚು ಬೇಡ.

ನಮ್ಮ ಅನುಭವದಲ್ಲಿ ಈ ಎಣ್ಣೆಗೆ ಮೊದಲ ಸ್ಥಾನ ಗಿಡವಲ್ಲ, ಕಬ್ಬಿಣ. ಮಳೆಗಾಲ ಹಿಡಿಯುವ ಮೊದಲು ಹಾರೆ, ಗುದ್ದಲಿ, ಪಿಕಾಸಿ, ಕತ್ತಿಗಳನ್ನು ತೊಳೆದು ಒಣಗಿಸಿ, ಸೋಸಿದ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತೆಳ್ಳಗೆ ಒರೆಸಿಡಬೇಕು. ದಪ್ಪಗೆ ಬಳಿದರೆ ಗೋಂದಿನಂತೆ ಅಂಟಾಗುತ್ತದೆ. ಸೂರ್ಯಕಾಂತಿ ಎಣ್ಣೆಯ ಗುಣವೇ ಅಂಥದು. ಅದೇ ಗುಣದಿಂದ ಅದು ಮರದ ಹಿಡಿಗೆ ಒಳ್ಳೆಯದು, ಯಂತ್ರದ ಬೇರಿಂಗಿಗೆ ಕೆಟ್ಟದ್ದು. ಸಿಂಪರಣೆ ಪಂಪಿನ ರಬ್ಬರ್ ವಾಷರಿಗೂ ಎಣ್ಣೆ ತಾಗಬಾರದು, ಉಬ್ಬಿಕೊಂಡು ಕೆಡುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಮಾತ್ರ ಹಳೆಯ ಎಣ್ಣೆ ಮುಟ್ಟಿಸಬೇಡಿ. ಕಮಟು ವಾಸನೆ ಅಡಿಕೆಗೆ ಹತ್ತಿದರೆ ವರ್ಷದ ಶ್ರಮಕ್ಕೆ ಕುತ್ತು. ಹಲಸು ಕೊಯ್ಯುವ ಕತ್ತಿಗೆ ಬಳಿದರೆ ಮೇಣ ಹಿಡಿಯದೆಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಗಿಡಕ್ಕೆ ಸಿಂಪಡಿಸುವ ವಿಚಾರದಲ್ಲಿ ನಾವೇ ಒಮ್ಮೆ ಮೋಸಹೋಗಿದ್ದೇವೆ. ಚೀಲಗಳಲ್ಲಿ ಬೆಳೆಸಿದ ಕಾಳುಮೆಣಸಿನ ಬಳ್ಳಿಗಳಿಗೆ ಹಿಟ್ಟುತಿಗಣೆ ಹತ್ತಿತೆಂದು ಬೇಸಗೆಯ ಒಂದು ಮಧ್ಯಾಹ್ನ ನೀರಿಗೆ ಎಣ್ಣೆ, ಸ್ವಲ್ಪ ಸೋಪಿನ ನೀರು ಹಾಕಿ ಕಲಕಿ ಹೊಡೆದೆವು. ಮೊದಲ ಸಾಲುಗಳಿಗೆ ಏನೂ ಆಗಲಿಲ್ಲ, ತಿಗಣೆಯೂ ಸಾಯಲಿಲ್ಲ. ಕೊನೆಯ ಎರಡು ಸಾಲುಗಳ ಎಲೆಗಳು ನಾಲ್ಕೇ ದಿನದಲ್ಲಿ ಸುಟ್ಟು ಕಪ್ಪಾದವು. ಕಾರಣ ಆಮೇಲೆ ಹೊಳೆಯಿತು. ಪಂಪು ನೀರೆಳೆಯುವುದು ಟ್ಯಾಂಕಿನ ತಳದಿಂದ. ಸರಿಯಾಗಿ ಬೆರೆಯದ ಎಣ್ಣೆ ಮೇಲೆ ತೇಲುತ್ತಿತ್ತು. ಮೊದಲ ಗಿಡಗಳಿಗೆ ಬರಿ ನೀರು, ಕೊನೆಯ ಗಿಡಗಳಿಗೆ ಬರಿ ಎಣ್ಣೆ! ಒಂದು ವರ್ಷದ ಬಳ್ಳಿ ಅಷ್ಟರಲ್ಲಿ ಹೋಯಿತು.

ಈಗ ನಾವು ಅನುಸರಿಸುವ ಕ್ರಮ ಹೀಗೆ. ಎಣ್ಣೆಯನ್ನು ಎರಡು ದಿನ ತಿಳಿಯಾಗಲು ಬಿಟ್ಟು, ಗಸಿ ಬಾರದಂತೆ ಮೇಲಿನದನ್ನು ಮಾತ್ರ ದಪ್ಪ ಬಟ್ಟೆಯಲ್ಲಿ ಸೋಸಬೇಕು. 10 ಲೀಟರು ನೀರಿಗೆ 100 ಮಿ.ಲೀ. ಎಣ್ಣೆ, 50 ಗ್ರಾಂ ಬಟ್ಟೆ ಸೋಪು ಸಾಕು. ಸೋಪನ್ನು ತುರಿದು ಒಂದು ಲೀಟರು ಬಿಸಿ ನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ, ಮಜ್ಜಿಗೆ ಕಡೆದಂತೆ ಹಳೆಯ ಕಡೆಗೋಲಿನಿಂದ ಕಡೆಯಬೇಕು. ಹಾಲಿನಂತೆ ಬೆಳ್ಳಗಾದ ಮೇಲೆ ಉಳಿದ ನೀರು ಸೇರಿಸುವುದು. ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದು ಅರ್ಧ ಗಂಟೆ ಇಡಿ. ಮೇಲೆ ಎಣ್ಣೆಯ ಪದರ ಕಂಡರೆ ಅದನ್ನು ಸಿಂಪಡಿಸಬಾರದು, ಇನ್ನಷ್ಟು ಸೋಪು ಹಾಕಿ ಕಡೆಯಬೇಕು. ಕೊಳವೆ ಬಾವಿಯ ಗಡಸು ನೀರಿನಲ್ಲಿ ಸೋಪು ಒಡೆಯುವುದರಿಂದ ಹಳ್ಳದ ಅಥವಾ ಮಳೆಯ ನೀರೇ ಲೇಸು.

ಎರಡು ಮೂರು ಗಿಡಗಳಿಗೆ ಮೊದಲು ಹೊಡೆದು ನಾಲ್ಕು ದಿನ ಕಾದು ನೋಡಿ. ಬಳಿಕ ಸಂಜೆಯ ಹೊತ್ತಿಗೆ, ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿ. ಈ ಎಣ್ಣೆ ವಿಷವಲ್ಲ. ಕೀಟದ ಉಸಿರಾಟದ ರಂಧ್ರಗಳನ್ನು ಮುಚ್ಚಿ ಕೊಲ್ಲುತ್ತದೆ. ಆದ್ದರಿಂದ ತಾಗಿದ ಕೀಟ ಮಾತ್ರ ಸಾಯುತ್ತದೆ. ಕಾಫಿಯ ಹಸಿರು ಶಲ್ಕಕೀಟ, ಹಿಟ್ಟುತಿಗಣೆ, ಅಡಿಕೆ ಸಸಿಯ ಎಲೆಯಡಿಯ ನುಸಿ ಇವುಗಳಿಗೆ ನರ್ಸರಿಯಲ್ಲಿ, ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಇದು ಉಪಯುಕ್ತ. ಎಕರೆಗಟ್ಟಲೆ ಹೊಡೆಯುವ ಔಷಧಿ ಇದಲ್ಲ. ಕಾಫಿ ಹೂವಿನ ದಿನಗಳಲ್ಲಿ ಜೇನಿನ ದೃಷ್ಟಿಯಿಂದ ಬೇಡವೇ ಬೇಡ. ಗಂಧಕ ಹೊಡೆದ ಗಿಡಕ್ಕೆ ಒಂದು ತಿಂಗಳಾದರೂ ಎಣ್ಣೆ ತಾಗಿಸಬಾರದು.

ಹಿಟ್ಟುತಿಗಣೆಗೆ ಕೈಯೆತ್ತುವ ಮುಂಚೆ ಇನ್ನೊಂದನ್ನು ನೋಡಿ. ಅದೇ ಗುಂಪಿನಲ್ಲಿ ತುಸು ದೊಡ್ಡದಾದ, ಮೈತುಂಬ ಬಿಳಿ ಮೇಣದ ಎಳೆಗಳಿರುವ, ಚುರುಕಾಗಿ ಓಡಾಡುವ ಹುಳು ಕಂಡರೆ ಅದು ತಿಗಣೆಯಲ್ಲ, ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಆಸ್ಟ್ರೇಲಿಯಾದ ಈ ಹುಳುವನ್ನು 1898ರಲ್ಲಿ ದಕ್ಷಿಣ ಭಾರತಕ್ಕೆ ತಂದದ್ದು ಕಾಫಿಯ ಹಸಿರು ಶಲ್ಕಕೀಟಕ್ಕಾಗಿ. ನೆಲೆನಿಂತದ್ದು ಹಿಟ್ಟುತಿಗಣೆಯ ಮೇಲೆ. ಎಣ್ಣೆಗೆ ಮಿತ್ರ, ಶತ್ರುವೆಂಬ ಭೇದವಿಲ್ಲ. ಅದು ಕಂಡ ಗಿಡವನ್ನು ಹಾಗೆಯೇ ಬಿಟ್ಟುಬಿಡಿ.

ತಿಗಣೆಯ ಸಿಹಿ ಅಂಟಿಗಾಗಿ ಅದನ್ನು ಕಾಯುವವು ಇರುವೆಗಳು. ಅವುಗಳನ್ನು ತಡೆದರೆ ಅರ್ಧ ಕೆಲಸ ಆದಂತೆ. ನಾವು ಬೋರ್ಡೋ ದ್ರಾವಣಕ್ಕೆಂದು ತರುವ ರಾಳದಲ್ಲಿ ಸ್ವಲ್ಪ ಉಳಿಸಿಕೊಂಡು, ಅಂಗಳದ ಒಲೆಯಲ್ಲಿ ಸಣ್ಣ ಉರಿಯ ಮೇಲೆ ಎಣ್ಣೆಯೊಡನೆ ಕರಗಿಸುತ್ತೇವೆ. ಹರಳೆಣ್ಣೆಯಾದರೆ ಉತ್ತಮ, ಇಲ್ಲವಾದರೆ ಕರಿದದ್ದೂ ಆದೀತು. ತಣಿದಾಗ ಜೇನಿನ ಹದವಿರಬೇಕು. ಗಟ್ಟಿಯಾದರೆ ಎಣ್ಣೆ, ನೀರಾದರೆ ರಾಳ ಸೇರಿಸಿ. ಕಾಂಡಕ್ಕೆ ನೇರವಾಗಿ ಬಳಿಯದೆ, ನಾಲ್ಕು ಬೆರಳಗಲದ ಬಟ್ಟೆ ಅಥವಾ ಹಾಳೆಯ ಪಟ್ಟಿ ಸುತ್ತಿ ಅದರ ಮೇಲೆ ಬಳಿಯಬೇಕು. ನೆಲಕ್ಕೆ ತಾಗುವ, ಪಕ್ಕದ ಗಿಡಕ್ಕೆ ತಾಗುವ ರೆಕ್ಕೆಗಳನ್ನು ಸವರದಿದ್ದರೆ ಇರುವೆ ಆ ದಾರಿಯಿಂದ ಹತ್ತುತ್ತದೆ, ಪಟ್ಟಿ ಕಟ್ಟಿದ್ದು ವ್ಯರ್ಥ.

ಕೆಲವು ಸದಸ್ಯರು ಬೋರ್ಡೋ ದ್ರಾವಣಕ್ಕೆ ಈ ಎಣ್ಣೆ, ಸೋಪು ಬೆರೆಸಿದರೆ ಗೊನೆಗೆ ಚೆನ್ನಾಗಿ ಅಂಟೀತೇ ಎಂದು ಕೇಳುವುದುಂಟು. ಬೇಡ. ಸುಣ್ಣಕ್ಕೆ ಸೋಪು ಸೇರಿದರೆ ಮೊಸರಿನಂತೆ ಒಡೆದು ನಳಿಗೆಯ ಬಾಯಿ ಕಟ್ಟುತ್ತದೆ. ಕೊಳೆರೋಗದ ಔಷಧಿಯಲ್ಲಿ ಪ್ರಯೋಗ ಮಾಡಿ ಗೊನೆ ಕಳೆದುಕೊಂಡರೆ ತುಂಬಿಕೊಡುವವರಾರು? ಎಣ್ಣೆ ಸಿಂಪಡಿಸಿದ ಪಂಪನ್ನು ಬಿಸಿ ನೀರಿನಿಂದ ತೊಳೆದೇ ಬೋರ್ಡೋಗೆ ಬಳಸಿ.

ಇಷ್ಟಾಗಿಯೂ ಉಳಿದ ಗಸಿ ಎಣ್ಣೆಗೆ ಬಚ್ಚಲೊಲೆ ಇದೆ. ಅಡಿಕೆ ಸಿಪ್ಪೆಯನ್ನು ಅದರಲ್ಲಿ ಅದ್ದಿಟ್ಟುಕೊಂಡರೆ ಆಷಾಢದ ಹಸಿ ಸೌದೆಗೂ ಬೆಂಕಿ ಹಿಡಿಯುತ್ತದೆ. ಉರಿಯುವ ಒಲೆಗೆ ಮಾತ್ರ ಮೇಲಿನಿಂದ ಸುರಿಯಬಾರದು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹರಡಿ ಒಣಗಿಸಿ. ಮುದ್ದೆಯೊಳಗೆ ತಾನಾಗಿ ಕಾವು ಏರಿ ಹೊತ್ತಿಕೊಳ್ಳುವ ಅಪಾಯವಿದೆ. ಎಣ್ಣೆಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ತೋಟಕ್ಕೆ' ಎಂದು ಬರೆದು ಅಡಿಗೆ ಕೋಣೆಯಿಂದ ಹೊರಗಿಡಿ. ಕೀಟನಾಶಕದ ಖಾಲಿ ಡಬ್ಬಿಯಲ್ಲಿ ತುಂಬಿಡಬೇಡಿ.