ಮಾರ್ಫಿನ್ ಬರೆದುಕೊಟ್ಟರೆಂದರೆ ಕೊನೆಗಾಲ ಬಂತೆಂದು ಅರ್ಥವೇ?

ಕ್ಯಾನ್ಸರ್ ಬಹಳ ಮುಂದುವರಿದಿರುವ ತಂದೆಯನ್ನೋ ತಾಯಿಯನ್ನೋ ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ ಒಂದು ದಿನ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಡುತ್ತಾರೆ. ಗೊಂದಲ ಅಲ್ಲಿಂದ ಶುರುವಾಗುತ್ತದೆ. 'ಅದು ಅಫೀಮು, ಚಟ ಹತ್ತುತ್ತೆ', 'ಅದನ್ನ ಕೊಟ್ರು ಅಂದ್ರೆ ಇನ್ನೇನೂ ಉಳಿದಿಲ್ಲ ಅಂತ', 'ಈಗಲೇ ಕೊಟ್ಟುಬಿಟ್ರೆ ನೋವು ಜಾಸ್ತಿ ಆದಾಗ ಏನು ಕೊಡೋದು?' ಎಂದು ನೆಂಟರಿಷ್ಟರು ಹೇಳುತ್ತಾರೆ. ಕೊನೆಗೆ ಮಾತ್ರೆ ಕಪಾಟಿನಲ್ಲೇ ಉಳಿಯುತ್ತದೆ, ಹಿರಿಯರು ರಾತ್ರಿಯೆಲ್ಲ ನರಳುತ್ತಾರೆ. ಈ ಮಾತುಗಳಲ್ಲಿ ನಿಜ ಎಷ್ಟಿದೆ ಎಂದು ಒಂದೊಂದಾಗಿ ನೋಡೋಣ.

ಚಟ ಹತ್ತುತ್ತದೆಯೇ?

ಮಾರ್ಫಿನ್ ಅನ್ನು ಅಫೀಮಿನಿಂದಲೇ ತೆಗೆಯುತ್ತಾರೆ, ಅದು ಸುಳ್ಳಲ್ಲ. ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಕೆಲವು ಗ್ರಾಹಕಗಳಿಗೆ ಅಂಟಿಕೊಂಡು, ನೋವಿನ ಸಂದೇಶ ಮುಂದೆ ಹೋಗದಂತೆ ಅದು ತಡೆಯುತ್ತದೆ. ಕೆಲವು ವಾರ ಸತತವಾಗಿ ತೆಗೆದುಕೊಂಡಾಗ ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ಆದ್ದರಿಂದ ತಟ್ಟನೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಆದರೆ ಇದು ಚಟವಲ್ಲ. ಹಾನಿಯಾಗುತ್ತಿದ್ದರೂ ಬಿಡಲಾಗದೆ ಅದರ ಹಿಂದೆ ಬೀಳುವುದನ್ನು ಚಟ ಎನ್ನುತ್ತಾರೆ. ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ಮಾರ್ಫಿನ್ ಪಡೆಯುವ ಹಿರಿಯರಲ್ಲಿ ಅದು ಅಪರೂಪ.

ಸಾವನ್ನು ಹತ್ತಿರ ತರುತ್ತದೆಯೇ?

ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಇಲ್ಲ. ಮಾರ್ಫಿನ್ ಶುರು ಮಾಡಿದ ಕೆಲ ದಿನಗಳಲ್ಲೇ ರೋಗಿ ತೀರಿಕೊಂಡಿದ್ದನ್ನು ಕಂಡವರು ಔಷಧಿಯನ್ನೇ ದೂರುತ್ತಾರೆ. ಎಷ್ಟೋ ಕಡೆ ಅದನ್ನು ಶುರು ಮಾಡುವುದೇ ತೀರಾ ತಡವಾಗಿ. ಆಗ ಸಾವಿಗೆ ಕಾರಣ ಕಾಯಿಲೆಯೇ ಹೊರತು ಮಾತ್ರೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮವೊಂದನ್ನು ಪ್ರಕಟಿಸಿತು. ಅದರಲ್ಲಿ ಮಾರ್ಫಿನ್‌ನಂಥ ಔಷಧಿಗಳು ಇರುವುದು ಮೂರನೇ ಮೆಟ್ಟಿಲಲ್ಲಿ. ಮೆಟ್ಟಿಲು ಹತ್ತಬೇಕೋ ಬೇಡವೋ ಎಂಬುದು ನೋವು ಎಷ್ಟಿದೆ ಎಂಬುದರ ಮೇಲೆ ನಿಂತಿದೆ, ಆಯಸ್ಸು ಎಷ್ಟು ಉಳಿದಿದೆ ಎಂಬುದರ ಮೇಲಲ್ಲ. 'ಆಮೇಲೆ ಕೊಡೋಕೆ ಏನಿರುತ್ತೆ' ಎಂಬ ಭಯವೂ ಬೇಡ. ಮಾರ್ಫಿನ್‌ಗೆ ಎಲ್ಲರಿಗೂ ಒಂದೇ ಎಂಬಂಥ ಗರಿಷ್ಠ ಮಿತಿ ಇಲ್ಲ. ನೋವು ಹೆಚ್ಚಿದರೆ ವೈದ್ಯರು ಪ್ರಮಾಣವನ್ನೂ ಹೆಚ್ಚಿಸಬಲ್ಲರು.

ನೋವು ಬಂದಾಗ ಮಾತ್ರ ಕೊಟ್ಟರೆ ಸಾಲದೇ?

ಸಾಲದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಮಾತ್ರ. ಅದಕ್ಕೇ ಗಡಿಯಾರ ನೋಡಿಕೊಂಡು, ನೋವು ಮರಳುವ ಮೊದಲೇ ಮುಂದಿನ ಮಾತ್ರೆ ಕೊಡಬೇಕು. ನಡುವೆ ತಟ್ಟನೆ ನೋವು ಏರಿದರೆ ಕೊಡಲೆಂದು ವೈದ್ಯರು ಬೇರೆ ಡೋಸ್ ಹೇಳಿರುತ್ತಾರೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಅದನ್ನು ಪುಡಿ ಮಾಡಿ ಕೊಡಲೇಬಾರದು. ಹಾಗೆ ಮಾಡಿದರೆ ಇಡೀ ಔಷಧಿ ಒಮ್ಮೆಲೇ ದೇಹಕ್ಕೆ ಸೇರಿ ಅಪಾಯವಾಗುತ್ತದೆ.

ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರಬಹುದು. ಹೆಚ್ಚಿನವರಿಗೆ ಅದು ತಾನಾಗಿ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಕಡಿಮೆಯಾಗುವುದಿಲ್ಲ, ಹಾಗಾಗಿ ಮೊದಲ ದಿನದಿಂದಲೇ ಜೊತೆಗೆ ಮಲ ಸಡಿಲಿಸುವ ಔಷಧಿ ಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಮಾರ್ಫಿನ್ ದೇಹದಲ್ಲೇ ಉಳಿದುಬಿಡಬಹುದು. ಅಂಥ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಎಬ್ಬಿಸಿದರೂ ಏಳದಷ್ಟು ಮಂಪರು, ತೀರಾ ನಿಧಾನವಾದ ಉಸಿರಾಟ ಕಂಡರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ವೈದ್ಯರನ್ನು ಸಂಪರ್ಕಿಸಿ.

'ಏನಿಲ್ಲ ಬಿಡಪ್ಪ' ಎಂದರೆ ನೋವಿಲ್ಲವೇ?

ಮಕ್ಕಳಿಗೆ ಹೊರೆಯಾಗಬಾರದೆಂದು ನೋವನ್ನು ನುಂಗಿಕೊಳ್ಳುವ ಹಿರಿಯರು ಬಹಳ. 'ನೋವಿದೆಯಾ?' ಎಂದು ಕೇಳುವ ಬದಲು, 'ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯೋಕಾಗದ ನೋವು. ಈಗ ಎಷ್ಟಿದೆ?' ಎಂದು ಕೇಳಬಹುದು. ಮಾತಾಡಲಾಗದವರಾದರೆ ಹುಬ್ಬು ಗಂಟಿಕ್ಕುವುದು, ಮಗ್ಗುಲು ಬದಲಿಸುವಾಗ ಮೈ ಬಿಗಿ ಹಿಡಿಯುವುದು, ನಿದ್ದೆಗೆಡುವುದು ಇವನ್ನು ಗಮನಿಸಿ. ಇದನ್ನೆಲ್ಲ ಹೊತ್ತಿನ ಸಮೇತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಡೋಸ್ ನಿರ್ಧರಿಸಲು ವೈದ್ಯರಿಗೆ ಅನುಕೂಲ.

ಎಲ್ಲಿ ಸಿಗುತ್ತದೆ?

1985ರ ಮಾದಕ ವಸ್ತು ಕಾಯ್ದೆ ಬಿಗಿಯಾಗಿದ್ದರಿಂದ ಹಲವು ಆಸ್ಪತ್ರೆಗಳು ಮಾರ್ಫಿನ್ ಇಡಲು ಹಿಂಜರಿಯುತ್ತಿದ್ದವು. 2014ರ ತಿದ್ದುಪಡಿ ಈ ನಿಯಮಗಳನ್ನು ಸರಳಗೊಳಿಸಿತು. ಆದರೂ ಎಲ್ಲ ಔಷಧಿ ಅಂಗಡಿಗಳಲ್ಲಿ ಇದು ಸಿಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಉಪಶಾಮಕ ಆರೈಕೆಯ, ಅಂದರೆ ಪ್ಯಾಲಿಯೇಟಿವ್ ಕೇರ್ ವಿಭಾಗವನ್ನು ಕೇಳಿ. ಕರುಣಾಶ್ರಯದಲ್ಲಿ ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ.

ಈ ಆರೈಕೆಗೆ ಹೋದರೆ ಸೋತಂತೆ ಎಂದುಕೊಳ್ಳಬೇಕಿಲ್ಲ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಕೆಲವರಿಗೆ ಚಿಕಿತ್ಸೆಯ ಜೊತೆಗೇ ಆರಂಭದಿಂದ ಉಪಶಾಮಕ ಆರೈಕೆ ಕೊಡಲಾಯಿತು. ಅವರ ದಿನಗಳು ಉಳಿದವರಿಗಿಂತ ನೆಮ್ಮದಿಯಾಗಿದ್ದವು. ಅವರು ಸರಾಸರಿ ಎರಡೂವರೆ ತಿಂಗಳಿನಷ್ಟು ಹೆಚ್ಚು ಬದುಕಿದರು ಕೂಡ.

ಹಾಗಾಗಿ ಮಾರ್ಫಿನ್ ಎಂಬ ಹೆಸರು ಕಂಡ ಕೂಡಲೇ ಚೀಟಿ ಮಡಚಿಡಬೇಡಿ. ಅನುಮಾನವಿದ್ದರೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಹಾಗೆಯೇ, ನೋವು ಅನುಭವಿಸುತ್ತಿರುವ ನಿಮ್ಮ ಅಪ್ಪ ಅಮ್ಮನಿಗೆ ಏನು ಬೇಕು ಎಂದು ಅವರನ್ನೂ ಕೇಳಿ.