ಅನುಗ್ರಹದ ಲೆಕ್ಕ: ಕೌಟಿಲ್ಯನ ಹರಣೋಪಾಯಗಳೂ ಇಂದಿನ ಸಹಾಯಧನದ ಪರಿಶೋಧನೆಯೂ

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದ ಲಾಗಾಯಿತು, ಅಧಿಕಾರಿಗಳ ಧನಾಪಹಾರದ ಮಾತು ಬಂದಲ್ಲೆಲ್ಲ ಆ ಗ್ರಂಥದ ನೀರೊಳಗಿನ ಮೀನಿನ ದೃಷ್ಟಾಂತವನ್ನು ಉದಾಹರಿಸುವುದು ವಾಡಿಕೆಯಾಗಿರುವುದು. ಸರ್ಕಾರದ ಹಣವನ್ನು ನಿಯುಕ್ತರು ಯಾವಾಗ ನುಂಗಿದರೆಂಬುದು ಗೋಚರವಾಗುವಂಥದಲ್ಲವೆಂಬುದೇ ಅದರ ತಾತ್ಪರ್ಯವು. ಕೇಳಿದವರು ನಕ್ಕು, ಹಾಗಾದರೆ ಮಾಡತಕ್ಕದ್ದೇನೂ ಇಲ್ಲವೆಂದು ಸುಮ್ಮನಾಗುವುದೂ ಉಂಟು. ಆದರೆ ಆ ದೃಷ್ಟಾಂತವಿರುವುದು ಎರಡನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯದಲ್ಲಿ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿಯೇ, ಪ್ರಾಯಶಃ ಯಾರೂ ಉದಾಹರಿಸದ ಒಂದು ವಿಧಿಯಿದೆ. ಬೇಸಾಯಗಾರರಿಗೂ ರೋಗಿಗಳಿಗೂ ಸರ್ಕಾರವು ಕೊಡುವ ಸಹಾಯದ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸತಕ್ಕದ್ದೆಂಬ ಇಂದಿನ ಚರ್ಚೆಗೆ ಮೀನಿಗಿಂತಲೂ ಆ ವಿಧಿಯೇ ಹೆಚ್ಚು ಉಪಯುಕ್ತವಾದದ್ದು.

ಮೊದಲು ಶಬ್ದವಿಚಾರ. ಈಗ ಸಬ್ಸಿಡಿ, ಸಹಾಯಧನ ಎಂದು ಕರೆಯುವುದಕ್ಕೆ ಸಮೀಪವಾದ ಎರಡು ಪದಗಳು ಅರ್ಥಶಾಸ್ತ್ರದಲ್ಲಿವೆ: ಅನುಗ್ರಹ ಮತ್ತು ಪರಿಹಾರ. ಬೊಕ್ಕಸದಿಂದ ಧಾನ್ಯ, ದನ, ಹಣಗಳನ್ನು ಕೊಡುವುದು ಅನುಗ್ರಹ. ಬರತಕ್ಕ ಕಂದಾಯವನ್ನು ಬಿಡುವುದು ಪರಿಹಾರ. ಕನ್ನಡ ಶಾಸನಗಳ ‘ಸರ್ವಬಾಧಾಪರಿಹಾರ’ವೆಂಬ ಮಾತಿನಲ್ಲಿ ಈ ಹಳೆಯ ಅರ್ಥವೇ ನಿಂತಿದೆ, ಬೆಳೆಹಾನಿಗೆ ಪರಿಹಾರವೆಂಬ ಇಂದಿನ ಬಳಕೆಯಲ್ಲಿ ಅದು ಬೇರೆಯಾಗಿದೆ. ಹೊಸದಾಗಿ ನೆಲೆಗೊಂಡ ಒಕ್ಕಲುಗಳಿಗೆ ಇವನ್ನು ಒದಗಿಸಬೇಕು, ಅವರು ತಮಗೆ ಅನುಕೂಲವಾದಾಗ ಹಿಂದಿರುಗಿಸಬೇಕು, ಕೋಶವು ಬರಿದಾಗುವಂತೆ ಮಾತ್ರ ಕೊಡಕೂಡದು ಎಂಬುದು ಜನಪದನಿವೇಶ ಪ್ರಕರಣದ ಮತ. ದುರ್ಭಿಕ್ಷದಲ್ಲಿ ಬೀಜವನ್ನೂ ಆಹಾರವನ್ನೂ, ವ್ಯಾಧಿಯುಂಟಾದಾಗ ವೈದ್ಯರ ಮೂಲಕ ಔಷಧವನ್ನೂ ಒದಗಿಸಬೇಕೆಂದು ನಾಲ್ಕನೆಯ ಅಧಿಕರಣವು ಹೇಳುವುದು. ಬೇಸಾಯದ ನೆರವೂ ಆರೋಗ್ಯದ ನೆರವೂ ಅಲ್ಲಿ ಒಂದೇ ರಾಜಧರ್ಮದ ಎರಡು ಅಂಗಗಳು.

ಲೆಕ್ಕದ ವಿಷಯದಲ್ಲಿ ಗ್ರಂಥಕರ್ತನ ಕಟ್ಟುನಿಟ್ಟು ಅಸಾಧಾರಣವಾದದ್ದು. ಅಕ್ಷಪಟಲವೆಂಬ ಲೆಕ್ಕದ ಕಚೇರಿಯು ಯಾವ ದಿಕ್ಕಿಗೆ ಮುಖವಾಗಿರಬೇಕೆಂಬುದರಿಂದ ಹಿಡಿದು ಅಲ್ಲಿ ಎಲ್ಲಕ್ಕೂ ನಿಯಮವಿದೆ. ಆಷಾಢ ಮಾಸಕ್ಕೆ ವರ್ಷದ ಲೆಕ್ಕ ಮುಗಿಯಬೇಕು. ಮುದ್ರೆಯೊತ್ತಿದ ಪುಸ್ತಕಗಳೊಡನೆ ಬಂದ ಲೆಕ್ಕಿಗರು ಪರಿಶೋಧನೆಗೆ ಮುಂಚೆ ತಮ್ಮತಮ್ಮಲ್ಲಿ ಮಾತನಾಡದಂತೆ ತಡೆಯಬೇಕು. (ಈ ಒಂದು ನಿಯಮವನ್ನು ಈಗ ಜಾರಿಗೆ ತಂದರೆ ಅನೇಕ ಕಚೇರಿಗಳು ನಿಶ್ಶಬ್ದವಾದಾವು.) ಎಂಟನೆಯ ಅಧ್ಯಾಯದಲ್ಲಿ ಅಪಹರಣದ ನಲವತ್ತು ಉಪಾಯಗಳನ್ನು ಎಣಿಸಿದೆ. ಅವುಗಳಲ್ಲಿ ಬಹುಪಾಲು ವಸೂಲಿಗೂ ಅಳತೆ ತೂಕಗಳಿಗೂ ಸಂಬಂಧಿಸಿದವು. ಪ್ರಕೃತಕ್ಕೆ ಬೇಕಾದವು ಕೊಡುವಾಗಿನ ದೋಷಗಳು. ಸಲ್ಲಬೇಕಾದವನಿಗೆ ಸಲ್ಲದಿರುವುದು ಒಂದು. ಸಲ್ಲಬಾರದವನಿಗೆ ಸಲ್ಲುವುದು ಇನ್ನೊಂದು. ಹೊತ್ತು ಮೀರಿ ಕೊಡುವುದು, ಕೊಂಚ ಕೊಟ್ಟು ಬಹಳವೆಂದು ಬರೆಯುವುದು, ಒಬ್ಬನಿಗೆ ಕೊಟ್ಟು ಮತ್ತೊಬ್ಬನ ಹೆಸರಿಗೆ ಬರೆಯುವುದು ಉಳಿದವು. ಸಲ್ಲದಿರುವುದನ್ನೂ ಅಪಹರಣವೆಂದೇ ಗಣಿಸಿರುವುದು ಗಮನಾರ್ಹ. ಬೊಕ್ಕಸದಲ್ಲಿ ಹಣ ಉಳಿಯಿತೆಂಬುದು ಅಧಿಕಾರಿಗೆ ಸಮಾಧಾನವಾಗಲಾರದು.

ಈ ವಿಂಗಡಣೆಯು ಎಷ್ಟು ಸಮರ್ಪಕವೆಂಬುದಕ್ಕೆ ಈ ಶತಮಾನದ ಒಂದು ನಿದರ್ಶನವನ್ನು ನೋಡಬಹುದು. 2008ನೆಯ ಫೆಬ್ರವರಿ 29ರ ಆಯವ್ಯಯದಲ್ಲಿ ಕೇಂದ್ರ ಸರ್ಕಾರವು ರೈತರ ಸಾಲಮನ್ನಾ ಯೋಜನೆಯನ್ನು ಸಾರಿತು. ಸುಮಾರು 3.45 ಕೋಟಿ ರೈತರಿಗಾಗಿ ಸುಮಾರು 52,500 ಕೋಟಿ ರೂಪಾಯಿ ವೆಚ್ಚವಾಯಿತು. ಭಾರತದ ಮಹಾಲೆಕ್ಕಪರಿಶೋಧಕರು 25 ರಾಜ್ಯಗಳಲ್ಲಿ 90,576 ಖಾತೆಗಳನ್ನು ತನಿಖೆ ಮಾಡಿಸಿ, 2013ರ ಮಾರ್ಚಿಯಲ್ಲಿ ವರದಿಯನ್ನು ಪಾರ್ಲಿಮೆಂಟಿನ ಮುಂದಿಟ್ಟರು. ಮನ್ನಾ ದೊರೆತ 80,299 ಖಾತೆಗಳಲ್ಲಿ ನೂರಕ್ಕೆ 8.5ರಷ್ಟು ಅರ್ಹರಲ್ಲದವರವು. ಒಂಬತ್ತು ರಾಜ್ಯಗಳಲ್ಲಿ, ಸಾಲ ಪಡೆದಿದ್ದೂ ಪಟ್ಟಿಗೆ ಸೇರದಿದ್ದ 9,334 ಖಾತೆಗಳನ್ನು ಬೇರೆಯಾಗಿ ಪರೀಕ್ಷಿಸಲಾಗಿ 1,257 ಮಂದಿ, ಎಂದರೆ ನೂರಕ್ಕೆ 13.46ರಷ್ಟು, ಅರ್ಹರಾಗಿದ್ದೂ ಬಿಟ್ಟುಹೋದವರೆಂದು ಕಂಡುಬಂದಿತು. ಸಲ್ಲಬಾರದ್ದು ಸಂದದ್ದೂ ಸಲ್ಲಬೇಕಾದದ್ದು ಸಲ್ಲದ್ದೂ ಹೀಗೆ ಒಂದೇ ವರದಿಯಲ್ಲಿ ಅಂಕೆಗಳೊಡನೆ ಅಕ್ಕಪಕ್ಕದಲ್ಲಿವೆ. ದಾಖಲೆಯನ್ನು ತಿದ್ದಿದ, ಮೇಲೆ ಬರೆದ ಲಕ್ಷಣಗಳು 2,824 ಪ್ರಕರಣಗಳಲ್ಲಿ ತೋರಿದವು. ಸಾಲ ತೀರಿತೆಂಬ ಪ್ರಮಾಣಪತ್ರವು ರೈತನ ಕೈಸೇರಿತೆಂಬುದಕ್ಕೆ, ಪರೀಕ್ಷಿಸಿದ 61,793 ಖಾತೆಗಳ ಪೈಕಿ 21,182ರಲ್ಲಿ ಯಾವ ಆಧಾರವೂ ದೊರೆಯಲಿಲ್ಲ. ಪ್ರಮಾಣಪತ್ರವಿಲ್ಲದ ರೈತನು ಮತ್ತೊಮ್ಮೆ ಸಾಲಕ್ಕೆ ಬ್ಯಾಂಕಿಗೆ ಹೋದರೆ ಏನನ್ನು ತೋರಿಸಿಯಾನು? ವರದಿಯಲ್ಲಿರುವ ಅಂಕೆಗಳಲ್ಲೆಲ್ಲ ವಿಶೇಷವಾಗಿ ಚಿಂತಿಸತಕ್ಕದ್ದು ಇದೇ.

ಆರೋಗ್ಯದ ಕಡೆಯ ಸ್ಥಿತಿಯೂ ಬಹಳ ಬೇರೆಯಲ್ಲ. ಬಡ ಕುಟುಂಬಗಳ ಆಸ್ಪತ್ರೆ ವೆಚ್ಚಕ್ಕಾಗಿ 2018ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ ಜನ ಆರೋಗ್ಯ ಯೋಜನೆಯನ್ನು ಕುರಿತ 2023ರ ವರದಿಯಲ್ಲಿ, 7,49,820 ಫಲಾನುಭವಿಗಳ ಹೆಸರಿನ ಮುಂದೆ ಒಂಬತ್ತರ ಅಂಕೆಯನ್ನೇ ಹತ್ತು ಸಲ ಬರೆದ ಒಂದೇ ಮೊಬೈಲ್ ಸಂಖ್ಯೆಯಿತ್ತೆಂದು ಹೇಳಿದೆ. 43,197 ಕುಟುಂಬಗಳಲ್ಲಿ ಸದಸ್ಯರ ಸಂಖ್ಯೆ 11ರಿಂದ 201ರವರೆಗೆ ಇದ್ದಿತು. ಮೊಬೈಲ್ ಸಂಖ್ಯೆಯು ಅರ್ಹತೆಯನ್ನು ನಿರ್ಣಯಿಸುವ ಸಾಧನವಲ್ಲವೆಂದು ಇಲಾಖೆಯವರು ಉತ್ತರವಿತ್ತರು. ಅದು ನ್ಯಾಯವಾದ ಉತ್ತರವೇ. ಆದರೂ ಫಲಾನುಭವಿಗೆ ಸುದ್ದಿ ಮುಟ್ಟಿಸುವ ದಾರಿಯೇ ಪುಸ್ತಕದಲ್ಲಿ ಸುಳ್ಳಾಗಿದ್ದರೆ, ತನ್ನ ಹೆಸರಿನಲ್ಲಿ ಏನು ಖರ್ಚಾಯಿತೆಂಬುದು ಅವನಿಗೆ ತಿಳಿಯುವುದೆಂತು ಎಂಬ ಆಕ್ಷೇಪವು ಅದರಿಂದ ಪರಿಹಾರವಾಗುವುದಿಲ್ಲ.

ಇನ್ನು ಪ್ರಾರಂಭದಲ್ಲಿ ಸೂಚಿಸಿದ ವಿಧಿ. ನಲವತ್ತು ಉಪಾಯಗಳನ್ನು ಎಣಿಸಿದ ಕೂಡಲೆ ಕೌಟಿಲ್ಯನು ಪತ್ತೆಯ ಕ್ರಮವನ್ನು ಹೇಳುವನು. ಬರೆದವನು, ಕೊಟ್ಟವನು, ಕೊಡಿಸಿದವನು ಮುಂತಾದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು. ಆಮೇಲೆ, ಆ ಅಧಿಕಾರಿಯು ಕೆಲಸ ಮಾಡಿದ ಪ್ರದೇಶದಲ್ಲೆಲ್ಲ ಡಂಗುರ ಹೊಡೆಯಿಸಿ, ಅವನಿಂದ ನಷ್ಟಪಟ್ಟವರು ಬಂದು ಹೇಳಿಕೊಳ್ಳಬಹುದೆಂದು ಸಾರಿಸಬೇಕು. ಹೇಳಿಕೊಂಡವರಿಗೆ ಅವರವರ ನಷ್ಟಕ್ಕೆ ತಕ್ಕಂತೆ ತುಂಬಿಕೊಡಿಸಬೇಕು. ಅಪಹಾರವನ್ನು ತಿಳಿಸಿ ಸಾಧಿಸಿದ ಸೂಚಕನಿಗೆ ಆರರಲ್ಲೊಂದು ಪಾಲು, ಅವನು ಸರ್ಕಾರದ ಆಳಾಗಿದ್ದರೆ ಹನ್ನೆರಡರಲ್ಲೊಂದು, ಸಾಧಿಸಲಾರದವನಿಗೆ ದಂಡ. ಗುಪ್ತಚಾರರಲ್ಲಿ ಅಷ್ಟು ನಂಬಿಕೆಯಿದ್ದ ಗ್ರಂಥಕರ್ತನೂ ಪುಸ್ತಕದ ಪರಿಶೋಧನೆಯೊಂದೇ ಸಾಲದೆಂದು ಒಪ್ಪಿ ಪ್ರಜೆಯ ಬಾಯನ್ನು ತೆರೆಯಿಸಿದ್ದಾನೆ.

ಹಾಗೆಂದು ಇಂದಿನ ಪ್ರಜಾಪ್ರಭುತ್ವವೆಲ್ಲ ಅಲ್ಲಿಯೇ ಇತ್ತೆಂದು ಹೇಳುವುದು ಅತಿಶಯೋಕ್ತಿ. ಅಲ್ಲಿ ಲೆಕ್ಕವು ಸೇರುವುದು ರಾಜನನ್ನು. ಪ್ರಜೆಯು ಸಾಕ್ಷಿ ಮಾತ್ರ, ಲೆಕ್ಕ ಕೇಳುವ ಯಜಮಾನನಲ್ಲ. ಅನುಗ್ರಹವೆಂಬ ಪದದಲ್ಲಿಯೇ ಆ ಭಾವವು ಅಡಗಿದೆ. ಸಂವಿಧಾನದ 151ನೆಯ ಅನುಚ್ಛೇದದಂತೆ ಪರಿಶೋಧಕರ ವರದಿಯು ಶಾಸನಸಭೆಗಳ ಮುಂದೆ ಬರುವುದು. 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದ ಸಾಮಾನ್ಯನೂ ಕಾಗದವನ್ನು ಕೇಳಬಹುದು. ಡಂಗುರದ ವಿಧಿಗೆ ನಿಜವಾಗಿ ಹತ್ತಿರವಾದದ್ದು ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ 1994ರ ಡಿಸೆಂಬರಿನಲ್ಲಿ ನಡೆದ ಜನಸುನ್‌ವಾಯಿ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕಾಮಗಾರಿಯ ದಾಖಲೆಗಳನ್ನು ಊರವರೆದುರಿಗೆ ಓದಿಸಿದರು. ಕೇಳಿದವರು ಅಲ್ಲಿಯೇ ಎದ್ದು ನಿಜವನ್ನು ಹೇಳಿದರು. ಗ್ರಾಮಸಭೆಯು ಲೆಕ್ಕ ನೋಡುವ ಈ ಕ್ರಮವನ್ನು 2005ರ ಉದ್ಯೋಗ ಖಾತರಿ ಕಾಯಿದೆಯ 17ನೆಯ ವಿಧಿಯೂ, 2013ರ ಆಹಾರ ಭದ್ರತಾ ಕಾಯಿದೆಯ 28ನೆಯ ವಿಧಿಯೂ ಸ್ವೀಕರಿಸಿದವು. ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ 2007ರಿಂದ, ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ, ಆಸ್ಪತ್ರೆಯ ಸೇವೆಯನ್ನು ಹಳ್ಳಿಯವರೇ ಪರಿಶೀಲಿಸಿ ಸಭೆಯಲ್ಲಿ ಹೇಳುವ ಪ್ರಯೋಗ ನಡೆಯಿತು. ಅನೇಕ ಯೋಜನೆಗಳಿಗೆ ಒಟ್ಟಾಗಿ ಇದನ್ನು ಕಾನೂನಾಗಿ ಮಾಡಿದ ಮೊದಲ ರಾಜ್ಯ ಮೇಘಾಲಯ, 2017ರಲ್ಲಿ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ಹಣವು ನೇರವಾಗಿ ರೈತನ ಖಾತೆಗೇ ಹೋಗುವ ಈ ಕಾಲದಲ್ಲಿ ಸಭೆ ಡಂಗುರಗಳು ಏತಕ್ಕೆ? ಸಮಾಧಾನವು ಹೀಗೆ. ನೇರ ಪಾವತಿಯಿಂದ, ಕೊಂಚ ಕೊಟ್ಟು ಬಹಳ ಬರೆಯುವ ದೋಷವು ತಗ್ಗುವುದು ನಿಜ. ಆದರೆ ಹಾಗೆಯೇ ನಡೆಯುವ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ಅರ್ಹರಲ್ಲದ ಸುಮಾರು 42 ಲಕ್ಷ ಮಂದಿಗೆ ಸುಮಾರು 3,000 ಕೋಟಿ ರೂಪಾಯಿ ಸಂದಿತೆಂದು ಸರ್ಕಾರವೇ 2021ರ ಜುಲೈಯಲ್ಲಿ ಪಾರ್ಲಿಮೆಂಟಿಗೆ ತಿಳಿಸಿತು. ಇವರಾದರೂ ಪುಸ್ತಕದಲ್ಲಿ ಹೆಸರಿದ್ದವರು, ಹುಡುಕಿದರೆ ಸಿಕ್ಕರು. ಹೆಸರೇ ಇಲ್ಲದವನನ್ನು ಯಾವ ಯಂತ್ರವೂ ತಾನಾಗಿ ತೋರಿಸಲಾರದು. 2008ರಲ್ಲಿಯೂ ಮನ್ನಾದ ಪಟ್ಟಿಯನ್ನು ಬ್ಯಾಂಕಿನ ಫಲಕಕ್ಕೆ ಅಂಟಿಸಬೇಕೆಂಬ ನಿಯಮವಿದ್ದಿತು. ಅಂಟಿಸಿದ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂಬುದನ್ನು ಓದು ಬಾರದವನು ಕಾಣುವುದು ಹೇಗೆ? ಊರ ನಡುವೆ ಗಟ್ಟಿಯಾಗಿ ಓದಿದರೆ ಅವನ ಹೆಸರು ಬರಲಿಲ್ಲವೆಂದು ಅವನಲ್ಲದಿದ್ದರೆ ನೆರೆಯವನಾದರೂ ಹೇಳಿಯಾನು.